ಉಜ್ಜ, ಬೀರು ಮತ್ತು ನಾಲ್ಕನೆಯ ಡ್ರಾಫ್ಟು

ಈ ಕಥೆಯನ್ನು ಎತ್ತುಗಳಿಂದ ಶುರು ಮಾಡಬೇಕೋ, ಬೀರುವಿನಿಂದ ಶುರು ಮಾಡಬೇಕೋ ಎಂಬುದು ಇತ್ಯರ್ಥವಾಗದೆ ಮೂರು ಡ್ರಾಫ್ಟು ಕಸದ ಬುಟ್ಟಿ ಸೇರಿವೆ. ಮೊದಲನೆಯದರಲ್ಲಿ ಎತ್ತುಗಳಿದ್ದವು. ಬೈಬಲಿನ ಕಥೆಯೊಂದರ ಎತ್ತುಗಳು ದೇವರ ಮಂಜೂಷವನ್ನು, ಅಂದರೆ ಪವಿತ್ರ ಪೆಟ್ಟಿಗೆಯನ್ನು, ಬಂಡಿಯಲ್ಲಿ ಎಳೆದುಕೊಂಡು ಹೋಗುತ್ತ ಎಡವಿದವು, ಪೆಟ್ಟಿಗೆ ವಾಲಿತು. ಬೀಳದಿರಲಿ ಎಂದು ಪಕ್ಕದಲ್ಲಿದ್ದ ಉಜ್ಜ ಎಂಬವನು ಕೈಚಾಚಿ ಹಿಡಿದ. ಮುಟ್ಟಿದ್ದಕ್ಕೆ ದೇವರಿಗೆ ಸಿಟ್ಟು ಬಂತು, ಉಜ್ಜ ಅಲ್ಲೇ ಸತ್ತ. ಇಷ್ಟು ಬರೆದು ನಾನೇ ಗಾಬರಿಯಾಗಿ ಪೆನ್ನು ಕೆಳಗಿಟ್ಟೆ. (ನಾಲ್ಕನೇ ಸಾಲಿಗೇ ನಾಯಕ ಸತ್ತರೆ ಸಂಪಾದಕರು ಒಪ್ಪುತ್ತಾರೆಯೇ?)

ಆದ್ದರಿಂದ ಬೀರುವಿನಿಂದಲೇ ಆಗಲಿ.

೧. ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಗುಂಪೊಂದಿದೆ. ಅದಕ್ಕೊಬ್ಬ ಮೇಸ್ತ್ರಿ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಕಲಿತದ್ದು, ಕಲಿಸಿದ್ದು ಒಂದೇ ನಿಯಮ: ಭಾರ ಜಾರಿದರೆ ಹಿಡಿಯಬಾರದು. ಅವನು “ಕೈ ತೆಗಿ” ಎಂದು ಕೂಗಿದ ತಕ್ಷಣ ಎಲ್ಲರ ಕೈಯೂ ಮೇಲೆ ಹೋಗಬೇಕು. ಸಾಮಾನು ಬಿದ್ದರೆ ಬೀಳಲಿ. ಹೊಸಬರು ಬಂದರೆ ಮೊದಲ ದಿನವೇ ಖಾಲಿ ಪೆಟ್ಟಿಗೆಯೊಂದನ್ನು ಮೇಜಿನಿಂದ ತಳ್ಳಿ ಪರೀಕ್ಷೆ ಮಾಡುತ್ತಾನೆ. ಕೈಚಾಚಿದವನು ಅವತ್ತು ಎಲ್ಲರಿಗೂ ಚಹಾ ತರಬೇಕು. ಒಳ್ಳೆಯ ಮನಸ್ಸಿನವರೇ ಹೆಚ್ಚು ಚಹಾ ತಂದಿದ್ದಾರೆ ಎಂಬುದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ತಮಾಷೆ.

೨. ಹೋದ ವರ್ಷ ಕನ್ನಡಿ ಬಾಗಿಲಿನ ಒಂದು ಬೀರು. ನಾಲ್ಕು ಜನ ಹೆಗಲಿಗೆ ಪಟ್ಟಿ ಹಾಕಿ ಹೊರಬೇಕಾಗಿದ್ದ ಭಾರ. ಲಾರಿ ಕಾಯುತ್ತಿತ್ತು, ಮೇಸ್ತ್ರಿಗೆ ಅವಸರ. “ಚಕ್ರದ ಹಲಗೆ ಮೇಲೆ ಹಾಕಿ, ಹಾಗೇ ಇಳಿಸೋಣ” ಎಂದು ಗುಂಪಿನಲ್ಲೇ ಇದ್ದ ತನ್ನ ತಮ್ಮನನ್ನು ಮಾತ್ರ ಜೊತೆಗಿಟ್ಟುಕೊಂಡ. ಇಳಿಜಾರಿನ ಅಂಚಿಗೆ ಚಕ್ರ ಸಿಕ್ಕಿಹಾಕಿಕೊಂಡಿತು, ಬೀರು ವಾಲಿತು, ತಮ್ಮ ಹಿಡಿದ. ಕನ್ನಡಿಗೆ ಒಂದು ಗೀರೂ ಬೀಳಲಿಲ್ಲ. ತಮ್ಮನ ಬಲಗೈಯ ಮೂರು ಬೆರಳು ಮಾತ್ರ ಇವತ್ತಿಗೂ ಮಡಚುವುದಿಲ್ಲ. ಈಗ ಅವನು ಗುಂಪಿನ ಗೋಡೌನಿನಲ್ಲಿ ಕೂತು ಫೋನು ಎತ್ತುತ್ತಾನೆ, ಎಡಗೈಯಲ್ಲಿ ವಿಳಾಸ ಬರೆದುಕೊಳ್ಳುತ್ತಾನೆ.

“ಕೈ ತೆಗಿ ಅಂತ ಕೂಗಿದೆ. ಇವನು ಕೇಳ್ಲಿಲ್ಲ,” ಎಂದು ಮೇಸ್ತ್ರಿ ಆಸ್ಪತ್ರೆಯಲ್ಲಿ ಹೇಳಿದ, ಮನೆಯಲ್ಲೂ ಹೇಳಿದ. ತಮ್ಮ ಮಾತ್ರ ಅವತ್ತಿನದು ಏನೂ ನೆನಪಿಲ್ಲ ಎನ್ನುತ್ತಾನೆ.

೩. ಈ ತಮ್ಮನಿಗೆ ಒಂಬತ್ತು ವರ್ಷದ ಮಗಳಿದ್ದಾಳೆ. ವಾದಕ್ಕೆ ಇಳಿದರೆ ಬಿಡುವವಳಲ್ಲ, ಹಾಗಾಗಿ ಮನೆಯವರೆಲ್ಲ ಕರೆಯುವುದು ವಕೀಲಮ್ಮ ಎಂದೇ. ಭಾನುವಾರ ಬೈಬಲ್ ತರಗತಿ ಮುಗಿದ ಮೇಲೆ ಅವಳನ್ನು ಗೋಡೌನಿಗೆ ಕರೆತರುವುದು ಮೇಸ್ತ್ರಿಯ ಕೆಲಸ. ಈ ಭಾನುವಾರ ಅವಳು ಚರ್ಚಿನ ಗೇಟು ದಾಟುವ ಮೊದಲೇ ಶುರು ಮಾಡಿದಳು.

“ದೊಡ್ಡಪ್ಪ, ಉಜ್ಜ ಮಾಡಿದ್ದು ತಪ್ಪಾ?”

“ಟೀಚರ್ ಏನಂದ್ರು?”

“ಮುಟ್ಟಬಾರದು ಅಂತ ದೇವರು ಮೊದ್ಲೇ ಹೇಳಿದ್ನಂತೆ. ಮಾತು ಕೇಳ್ಲಿಲ್ಲ, ಸತ್ತ.”

“ಅದು ಹಳೇ ಕಾಲದ ಕಥೆ ಪುಟ್ಟಿ. ಬಿಸಿಲಿಗೆ ತಲೆ ತಿರುಗಿ ಸತ್ತಿರ್ತಾನೆ. ಬರೆದವರು ದೇವರ ತಲೆಗೆ ಕಟ್ಟಿರ್ತಾರೆ.”

“ನಿಜವಾಗ್ಲೂ ನಡೆದಿದ್ರೆ ದೇವರದ್ದು ಅನ್ಯಾಯ. ನಡೆದಿಲ್ಲ ಅಂದ್ರೆ ಬರೆದವನು ಸುಳ್ಳುಬುರುಕ. ಯಾವ್ದು?”

(ಬರೆದವನ ಪರವಾಗಿ ನಾನೊಂದು ಮಾತು ಹೇಳಬಹುದಿತ್ತು. ಯಾರೂ ಕೇಳಲಿಲ್ಲ.)

ಮೇಸ್ತ್ರಿಗೆ ದೇವರಿಗಿಂತ ಪೆಟ್ಟಿಗೆಯ ವಿಷಯ ಸುಲಭವೆನಿಸಿತು. “ಆ ಪೆಟ್ಟಿಗೆ ಹೊರೋದಕ್ಕೆ ಹಿಡಿಕೆಗಿಡಿಕೆ ಇರ್ಲಿಲ್ವಾ?”

“ಇತ್ತು. ನಾಲ್ಕು ಬಳೆ, ಅದರೊಳಗೆ ತೂರಿಸೋಕೆ ಎರಡು ಕೋಲು. ಹೆಗಲ ಮೇಲೇ ಹೊರಬೇಕು ಅಂತ ರೂಲು.”

“ಮತ್ತೆ ಬಂಡಿ ಮೇಲೆ ಯಾಕೆ ಹಾಕಿದ್ರು? ಯಾವ ಬುದ್ಧಿವಂತ ಮೇಸ್ತ್ರಿ ಅವನು?”

“ದಾವೀದ ರಾಜ.”

“ಎತ್ತು ಎಡವಿದಾಗ ಎಲ್ಲಿದ್ನಂತೆ?”

“ವಾದ್ಯ ಬಾರಿಸ್ಕೊಂಡು ಖುಷಿಯಾಗಿ ಹೋಗ್ತಿದ್ದ.”

“ಅವನಿಗೇನಾಯ್ತು?”

“ಏನೂ ಇಲ್ಲ. ಹೆದರಿಕೊಂಡು ಮೂರು ತಿಂಗಳು ಪೆಟ್ಟಿಗೆ ಬೇರೆಯವರ ಮನೇಲಿ ಇಟ್ಟಿದ್ದ.”

ಮೇಸ್ತ್ರಿ ರಸ್ತೆಯ ಕಡೆ ಮುಖ ತಿರುಗಿಸಿದ. ವಕೀಲಮ್ಮ ಅವನ ಕೈ ಹಿಡಿದು ರಸ್ತೆ ದಾಟಿದಳು. ಆಚೆ ಬದಿಗೆ ಹೋದ ಮೇಲೆ ಹೇಳಿದಳು: “ನಾನು ಕ್ಲಾಸಲ್ಲಿ ಎದ್ದುನಿಂತು ಹೇಳ್ದೆ. ನಮ್ಮಪ್ಪನೂ ಉಜ್ಜನ ಥರಾನೇ, ಹೇಳಿದ ಮಾತು ಕೇಳದೆ ಕೈ ಹಾಕ್ದ ಅಂತ. ಸರಿ ತಾನೇ?”

ಓದುಗರೇ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವತ್ತು ಮೇಸ್ತ್ರಿಯ ಬಾಯಿಂದ ಬಂದದ್ದು “ಕೈ ತೆಗಿ” ಅಲ್ಲ. ಕನ್ನಡಿ ವಾಲಿದ್ದು ಕಂಡು ಇಪ್ಪತ್ತೆರಡು ವರ್ಷದ ನಿಯಮ ಮರೆತು ಅವನು ಕೂಗಿದ್ದು “ಹಿಡಿಯೋ” ಎಂದು. ತಮ್ಮ ಹುಟ್ಟಿದಾಗಿನಿಂದ ಅಣ್ಣನ ಮಾತು ಮೀರಿದವನಲ್ಲ.

೪. ಎರಡನೆಯ ಡ್ರಾಫ್ಟಿನಲ್ಲಿ ಮೇಸ್ತ್ರಿ “ಸರಿ ಪುಟ್ಟಿ” ಎಂದುಬಿಟ್ಟ. ಕಥೆ ಅಲ್ಲಿಗೆ ಮುಗಿಯಿತು, ನನಗೆ ಊಟ ಸೇರಲಿಲ್ಲ. ಮೂರನೆಯದರಲ್ಲಿ ಗೋಡೌನಿನೊಳಗಿನಿಂದ ತಮ್ಮ ನಗುತ್ತ ಬಂದು “ನಂಗೆ ಎಲ್ಲಾ ಗೊತ್ತಿತ್ತು ಬಿಡಣ್ಣ” ಎಂದ. ಅಪ್ಪುಗೆ, ಕಣ್ಣೀರು, ಹಿನ್ನೆಲೆಯಲ್ಲಿ ಫೋನಿನ ಗಂಟೆ. ಬಹಳ ಚೆನ್ನಾಗಿ ಬಂದಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿರುವಾಗ ಮೇಸ್ತ್ರಿ ತಕರಾರು ತೆಗೆದ.

“ಇದೇನ್ ಸಾರ್?”

“ಕ್ಷಮೆ. ಓದುಗರಿಗೆ ಇಷ್ಟ ಆಗುತ್ತೆ.”

“ನಾನಿನ್ನೂ ಬಾಯೇ ಬಿಟ್ಟಿಲ್ಲ, ಅಷ್ಟರಲ್ಲಿ ಅವನ ಕೈಲಿ ಕ್ಷಮಿಸಿಬಿಟ್ರಲ್ಲ. ಬೀರೂನೂ ಅವನೇ ಹಿಡೀಬೇಕು, ನನ್ನೂ ಅವನೇ ಹಿಡೀಬೇಕಾ?”

“ಹಾಗಾದ್ರೆ ಬಾಯಿ ಬಿಡಿ.”

ಅವನು ತಗ್ಗಿದ ದನಿಯಲ್ಲಿ, “ಮಗು ನನ್ನ ಕೈ ಹಿಡ್ಕೊಂಡೇ ರಸ್ತೆ ದಾಟೋದು ಸಾರ್. ಹೇಳಿದ ಮೇಲೆ ಹಿಡೀದೆ ಹೋದ್ರೆ?” ಎಂದ.

ನನಗೆ ಅಯ್ಯೋ ಅನ್ನಿಸಿತು. ಅವನು ಬಾಯಿ ಬಿಡುವ ಹೊತ್ತಿಗೆ ಸರಿಯಾಗಿ ಲಾರಿಯೊಂದು ಹಾರನ್ ಹೊಡೆದು ಮಾತು ಮುಳುಗಿಹೋಗುವಂತೆ ಮಾಡಬಲ್ಲೆ, ಅದಕ್ಕೆ ಒಂದೇ ಸಾಲು ಸಾಕು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಖಾಲಿ ಪೆಟ್ಟಿಗೆಗೆ ಕೈಚಾಚಿದ ಹೊಸಬರನ್ನು ಅವನು ನೋಡುವುದು ಹಾಗೆಯೇ.

೫. ಸರಿ, ನಾಲ್ಕನೆಯ ಡ್ರಾಫ್ಟು. ಲಾರಿ ಇಲ್ಲ.

ಗೋಡೌನಿನ ಬಾಗಿಲು. ಮಡಚಿಟ್ಟ ಕಂಬಳಿಗಳು, ಹಗ್ಗದ ಸುರುಳಿಗಳು. ಒಳಗೆ ತಮ್ಮ ಫೋನನ್ನು ಕುತ್ತಿಗೆಗೂ ಹೆಗಲಿಗೂ ನಡುವೆ ಒತ್ತಿಕೊಂಡು ಯಾರದೋ ವಿಳಾಸವನ್ನು ಸೊಟ್ಟಸೊಟ್ಟ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದಾನೆ. ವಕೀಲಮ್ಮ ಹೊಸ್ತಿಲಲ್ಲೇ ತಿರುಗಿ ನಿಂತಳು. ದೊಡ್ಡಪ್ಪನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು.

“ದೊಡ್ಡಪ್ಪ, ನೀವು ಹೇಳ್ಲೇ ಇಲ್ಲ. ಅಪ್ಪಂದೇ ತಪ್ಪು ಅಲ್ವಾ?”

ತಮ್ಮನ ಪೆನ್ನು ನಿಂತಿತು. ಆದರೆ ಅವನು ತಲೆ ಎತ್ತಲಿಲ್ಲ.

“ಅಲ್ಲ ಪುಟ್ಟಿ,” ಎಂದ ಮೇಸ್ತ್ರಿ. “ಅವತ್ತು ನಾನು ಕೂಗಿದ್ದು…”

ಮಾತು ಅಲ್ಲಿಗೆ ವಾಲಿತು. ಹುಡುಗಿಯ ಬೆರಳುಗಳು ಸಡಿಲವಾದವೋ, ಬಿಗಿಯಾದವೋ ನನಗೆ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ. ತಮ್ಮನ ಮುಖಕ್ಕೊಂದು ನಗು ಬರೆಯೋಣ, ಇಲ್ಲವೇ ಹುಡುಗಿಯ ಬಾಯಲ್ಲಿ ಒಂದು ಒಳ್ಳೆಯ ಮಾತು ಹಾಕೋಣ ಎಂದು ಪೆನ್ನು ಚಾಚಿದೆ.

ಮೇಸ್ತ್ರಿ ಇತ್ತ ತಿರುಗದೆಯೇ ಹೇಳಿದ: “ಕೈ ತೆಗೀರಿ ಸಾರ್.”

ತೆಗೆದೆ.