ಕೊಳಲಿಗೆ ಬಿಟ್ಟ ಜಾಗ

ಆ ಭಾನುವಾರ ಬೆಳಗಿನಿಂದ ಸುಶಮೀಂದ್ರನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೂತರೆ ಕಾಲು ಅಲುಗುತ್ತದೆ, ಎದ್ದರೆ ಬಾಲ್ಕನಿಗೂ ಕಂಪ್ಯೂಟರಿಗೂ ನಡುವೆ ಸುತ್ತುತ್ತದೆ. ಚೆನ್ನೈನ ತಾಂಬರಂನಲ್ಲಿದ್ದ ಆ ಎರಡು ಕೋಣೆಯ ಮನೆಯಲ್ಲಿ ಸುತ್ತುವುದಕ್ಕೆ ಜಾಗವಾದರೂ ಎಲ್ಲಿತ್ತು? ಫೋನು ಯಾವಾಗ ಬಿಡುತ್ತೀರಿ ಎಂದು ಹೆಂಡತಿ ತೃಪ್ತಿ ಆಗಲೇ ಬಂದು ಕೇಳಿ ಹೋಗಿದ್ದಳು. ತಿರುವೊಟ್ಟಿಯೂರಿನಲ್ಲಿದ್ದ ಅವಳ ಅಕ್ಕ ಫೋನು ಮಾಡುತ್ತಿದ್ದದ್ದು ಭಾನುವಾರ ಮಾತ್ರ. ಆದರೆ ಇಂಟರ್ನೆಟ್ಟು ಬರುತ್ತಿದ್ದದ್ದೂ ಅದೇ ತಂತಿಯಲ್ಲಿ, ಫಿನ್ಲೆಂಡಿನಿಂದ ಒಂದು ಸಂಗೀತದ ಫೈಲು ಇರುವೆ ಸಾಲಿನಂತೆ ಇಳಿದು ಬರುತ್ತಿತ್ತು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಎಲ್ಲರ ಮನೆಯ ಜಗಳವೂ ಇದೇ.

ಆ ಸಂಗೀತ ಸುಶಮೀಂದ್ರನದು. ವಾರವಿಡೀ ಗಿಂಡಿ ಬಡಾವಣೆಯ ವಿಮಾ ಕಚೇರಿಯಲ್ಲಿ ಸತ್ತವರ ಫೈಲು ತಿರುವುವ ಈ ಮನುಷ್ಯ, ಮನೆಗೆ ಬಂದರೆ ಪಾಶ್ಚಾತ್ಯ ವಾದ್ಯವೃಂದಕ್ಕೆ ಸಂಗೀತ ಬರೆಯುತ್ತಿದ್ದ. ಯಾರೂ ಕಲಿಸಿದ್ದಲ್ಲ. ರೇಡಿಯೋ ಕೇಳಿ, ಪುಸ್ತಕ ಓದಿ, ಕಂಪ್ಯೂಟರಿನಲ್ಲಿ ಪಿಟೀಲು, ಕೊಳಲು, ಹಿತ್ತಾಳೆಯ ಕೊಂಬುಗಳನ್ನು ಒಂದೊಂದೇ ಸಾಲು ಜೋಡಿಸಿ ನುಡಿಸಿಕೊಳ್ಳುತ್ತಿದ್ದ. ಇಂಥವರೇ ಸೇರುವ ಒಂದು ವೆಬ್‌ಸೈಟಿತ್ತು. ತನ್ನದೊಂದನ್ನು ಅಲ್ಲಿ ಹಾಕಬೇಕಾದರೆ ಮೊದಲು ಇನ್ನಿಬ್ಬರದನ್ನು ಕೇಳಿ ಅಭಿಪ್ರಾಯ ಬರೆಯಬೇಕು, ಅದು ಅಲ್ಲಿನ ನಿಯಮ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅಲ್ಲಿ ಎಲ್ಲರೂ ತಂತಮ್ಮ ಹೆಗ್ಗಣ ಎತ್ತಿಕೊಂಡು ಬಂದವರೇ. ಹಾಗಾಗಿ ಒಬ್ಬರನ್ನೊಬ್ಬರು ಧಾರಾಳವಾಗಿ ಹೊಗಳುತ್ತಿದ್ದರು.

ಆದರೆ ಅವರಲ್ಲಿ ಹೆಚ್ಚಿನವರ ಸಂಗೀತವನ್ನು ಜೀವವಿರುವ ಮನುಷ್ಯರು ನುಡಿಸಿದ್ದೇ ಇಲ್ಲ. ಅಂಥದ್ದರಲ್ಲಿ ಫಿನ್ಲೆಂಡಿನ ಶಾಲಾ ಶಿಕ್ಷಕಿಯೊಬ್ಬಳು, ತಮ್ಮ ಊರಿನ ಹವ್ಯಾಸಿ ವಾದ್ಯವೃಂದಕ್ಕೆ ಒಂದು ಕೃತಿ ಆರಿಸಿಕೊಳ್ಳುತ್ತೇನೆ ಎಂದು ಬರೆದಳು. ಆರಿಸಿದ್ದು ಸುಶಮೀಂದ್ರನದನ್ನು. ನಡುವೆ ನಾಲ್ಕು ಕೊಂಬುಗಳು ಒಟ್ಟಿಗೆ ಎದ್ದು ನಿಲ್ಲುವ ಕಡೆ ಮೈ ಜುಮ್ಮೆನ್ನುತ್ತದೆ ಎಂದು ಎಲ್ಲರೂ ಬರೆದಿದ್ದರು, ಅವಳೂ ಬರೆದಳು.

ಆ ಕೊಂಬುಗಳ ಕೆಳಗೆ ಒಂದು ಕೊಳಲು ಇತ್ತು. ಅದು ನುಡಿಸುತ್ತಿದ್ದದ್ದು ಅವನ ತಾಯಿ ಗೋದಾಬಾಯಿ ಹೂ ಕಟ್ಟುವಾಗ ಗುನುಗುವ ಹಾಡನ್ನು. ಮಾತು ಅರ್ಧ ಮರೆತು ಹೋಗಿದೆ, ಧಾಟಿ ಮಾತ್ರ ಅವಳ ತಾಯಿಯಿಂದ ಬಂದದ್ದು. ಇಡೀ ಕೃತಿಯನ್ನು ಅವನು ಕಟ್ಟಿದ್ದೇ ಆ ಧಾಟಿಗಾಗಿ. ನಿನ್ನ ಹಾಡನ್ನು ಹಿಮದ ದೇಶದಲ್ಲಿ ಊದುತ್ತಾರಮ್ಮ ಎಂದು ಬಾಯಿ ತಡೆಯದೆ ಹೇಳಿಯೂ ಬಿಟ್ಟಿದ್ದ. ಗೋದಾಬಾಯಿ ಅದನ್ನು ಭಜನೆಯ ಹೆಂಗಸರಿಗೆಲ್ಲ ಹೇಳಿ ಮುಗಿಸಿದ್ದಳು. ಈಗ ಆ ಹಾಡು ಅಲ್ಲಿ ಕೇಳಿಸಲೇಬೇಕಿತ್ತು.

ಕೇಳಿಸುವುದಿಲ್ಲ ಎಂದು ಹೇಳಿದವನು ಒಬ್ಬನೇ, ಮಂಡ್ಯ ಕಡೆಯ ರಘು. ಅದೇ ವೆಬ್‌ಸೈಟಿನವನು, ಗಿಂಡಿಯಲ್ಲೇ ಕೆಲಸ, ಕಾಲೇಜಿನ ಬ್ಯಾಂಡಿನಲ್ಲಿ ಊದಿದವನು. ಸ್ಟೇಷನ್ನಿನ ಹತ್ತಿರ ಚಹಾ ಕುಡಿಯುತ್ತಾ ಮೆಲ್ಲಗೆ ಹೇಳಿದ್ದ: “ಸಾರ್, ಕೆಳಗಿನ ಸ್ವರದಲ್ಲಿ ಕೊಳಲಿಗೆ ಅಷ್ಟು ದಮ್ ಇರಲ್ಲ. ನೀವು ಕಂಪ್ಯೂಟರಲ್ಲಿ ಅದರ ವಾಲ್ಯೂಮ್ ಒಂದನ್ನೇ ಏರ್ಸಿದೀರ. ಅಲ್ಲಿ ಊದೋರಿಗೆ ವಾಲ್ಯೂಮ್ ಎಲ್ಲಿಂದ ತರ್ತೀರ?”

ನನ್ನ ಕಿವಿಗೆ ಸರಿಯಾಗೇ ಕೇಳುತ್ತದೆ ಎಂದು ಸುಶಮೀಂದ್ರ ಲೋಟ ಕುಕ್ಕಿ ಎದ್ದು ಬಂದಿದ್ದ. ಆಮೇಲೆ ರಘುವಿನ ರೈಲು ತಪ್ಪಿಸಿ ಬೇರೆ ರೈಲು ಹತ್ತುತ್ತಿದ್ದ.

ಅಂತೂ ಫೈಲು ಇಳಿಯಿತು. ಇದು ತಾಲೀಮು, ಕಾರ್ಯಕ್ರಮ ಬರುವ ಶನಿವಾರ, ಕೊಳಲು ಊದುವವಳು ನಮ್ಮಲ್ಲಿ ಒಬ್ಬಳೇ, ತಿದ್ದುವುದಿದ್ದರೆ ಇವತ್ತೇ ಕಳಿಸಿ ಎಂದು ಶಿಕ್ಷಕಿ ಬರೆದಿದ್ದಳು. ಸುಶಮೀಂದ್ರ ತಂತಿ ಬಿಡಿಸಿ ಫೋನನ್ನು ತೃಪ್ತಿಗೆ ಒಪ್ಪಿಸಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಮೊದಲ ಪಿಟೀಲಿಗೇ ಕಣ್ಣು ಒದ್ದೆಯಾಯಿತು. ಯಾರೋ ಕೆಮ್ಮಿದ್ದು, ಕುರ್ಚಿ ಸರಿದದ್ದು ಸಹ ಕೇಳಿಸಿತು. ಜೀವವಿರುವ ಮನುಷ್ಯರು! ಆಮೇಲೆ ಕೊಂಬುಗಳು ಎದ್ದವು. ಅವುಗಳ ಕೆಳಗೆ ಏನೂ ಇರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಮೈಯೆಲ್ಲ ಕಿವಿಯಾಗಿಸಿಕೊಂಡರೂ ಕೊಳಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಶಮೀಂದ್ರ ಅಲ್ಲಿಯೇ ಕೂತು, ನಿಮ್ಮ ಕೊಳಲಿನವಳಿಗೆ ಊದಲು ಬರುವುದಿಲ್ಲ, ಬೇರೆಯವರನ್ನು ಹುಡುಕಿ ಎಂದು ಖಾರವಾಗಿ ಒಂದು ಉತ್ತರ ಬರೆದ. ಕಳಿಸಬೇಕೆಂದರೆ ಫೋನು ಬೇಕು. ಅತ್ತ ತೃಪ್ತಿಯ ಅಕ್ಕ ಮಗಳ ಮದುವೆಯ ವಿಷಯ ಆಗಷ್ಟೇ ಶುರುಮಾಡಿದ್ದಳು. ಅದು ಬೇಗ ಮುಗಿಯುವ ವಿಷಯವಲ್ಲ. ಅವನು ಬಾಗಿಲಲ್ಲಿ ನಿಂತ, ಗಡಿಯಾರ ನೋಡಿದ, ಗಂಟಲು ಸರಿಮಾಡಿಕೊಂಡ. ತೃಪ್ತಿ ಬೆನ್ನು ತಿರುಗಿಸಿ ಕೂತಳು.

ಅಷ್ಟರಲ್ಲಿ ಗೋದಾಬಾಯಿ ಮಲ್ಲಿಗೆಯ ಬುಟ್ಟಿ ಹಿಡಿದು ಬಂದು ಕೆಳಗೆ ಕೂತಳು. “ಬಂತೇನೋ ನನ್ ಪಾಟು? ಹಾಕು, ಹಾಡು ಕೇಳಣ.”

ಇನ್ನೂ ಬಂದಿಲ್ಲ ಎನ್ನಬೇಕೆಂದುಕೊಂಡ. ಆದರೆ ಅವಳ ಮುಖ ನೋಡಿ ಸುಳ್ಳು ಹೊರಡಲಿಲ್ಲ. ಸ್ಪೀಕರಿಗೆ ಹಾಕಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಬೆನ್ನ ಹಿಂದೆ ಪಿಟೀಲು ಮುಗಿಯಿತು, ಕೊಂಬು ಎದ್ದವು. ಅಮ್ಮನಿಗೆ ಏನು ಹೇಳುವುದು?

“ಭೇಷಾಗಿ ಶ್ರುತಿ ಹಿಡಿದಿದಾರೆ,” ಎಂದಳು ಗೋದಾಬಾಯಿ. “ಹಾಡೋ ಜಾಗ ನಂಗೇ ಅಂತ ಬಿಟ್ಟಿದೀಯೇನು?”

ಅವನು ತಿರುಗುವುದರೊಳಗೆ ಹಾಡತೊಡಗಿದ್ದಳು. ಕೊಂಬಿನ ಆರ್ಭಟದಲ್ಲಿ ಅವಳ ದನಿಯೂ ಮುಳುಗುತ್ತಿತ್ತು. ಕೇಳಿಸುತ್ತಿಲ್ಲವೆಂದು ಅವಳಿಗೇ ಗೊತ್ತಾಯಿತೋ ಏನೋ, ಹೂವಿನ ಕೈಯಿಂದಲೇ ಸ್ಪೀಕರಿನ ತಿರುಗಣೆಯನ್ನು ಸಣ್ಣಗೆ ಮಾಡಿ, ತನ್ನ ದನಿಯನ್ನು ಮೇಲಿನ ಸ್ಥಾಯಿಗೆ ಏರಿಸಿಕೊಂಡಳು. ಸಾಲು ಮುಗಿಯುವ ಮೊದಲೇ ನಿಂತು ಉಸಿರೆಳೆದು, ಮತ್ತೆ ಎತ್ತಿಕೊಂಡಳು. ಸುಶಮೀಂದ್ರ ನಿಂತಲ್ಲೇ ನಿಂತ. ಅವನು ಬರೆದ ಕೊಳಲು ಎಲ್ಲಿಯೂ ಉಸಿರೇ ಎಳೆಯುತ್ತಿರಲಿಲ್ಲ. ಕಂಪ್ಯೂಟರಿಗೆ ಉಸಿರು ಯಾಕೆ ಬೇಕು? ಹಿಮದ ಊರಿನ ಆ ಹುಡುಗಿಯೋ ಮುದುಕಿಯೋ ನಾಲ್ಕು ಕೊಂಬಿನ ಅಡಿಯಲ್ಲಿ ಉಸಿರು ಕಟ್ಟಿಕೊಂಡು ಊದಿರಬೇಕು. ಅವಳನ್ನು ಬೈಯಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಬರೆದ ಉತ್ತರವನ್ನು ಅಳಿಸಿಹಾಕಿದ. ಆಮೇಲೆ, ಲೋಕವೆಲ್ಲ ಹೊಗಳಿದ್ದ ಆ ನಾಲ್ಕು ಕೊಂಬುಗಳನ್ನು ಕೊಳಲಿರುವಷ್ಟೂ ಕಡೆ ತೆಗೆದ. ಒಮ್ಮೆ ಹಿಂದಕ್ಕೆ ಹಾಕಿ ನೋಡಿ, ಮತ್ತೆ ತೆಗೆದ. ಕೊಳಲನ್ನು ಅಮ್ಮನಂತೆಯೇ ಮೇಲಿನ ಸ್ಥಾಯಿಗೆ ಎತ್ತಿ, ಕೆಳಗೆ ತಂಬೂರಿಯಷ್ಟೇ ಮೆಲ್ಲನೆ ಪಿಟೀಲುಗಳನ್ನು ಉಳಿಸಿದ. ನಾಳೆ ರಘುವಿನ ರೈಲಿಗೇ ಹೋಗಬೇಕು ಎಂದುಕೊಂಡ.

“ಅಮ್ಮ, ಇನ್ನೊಂದ್ಸಲ ಹಾಡು. ನೀನು ಎಲ್ಲೆಲ್ಲಿ ಉಸಿರು ತೊಗೋತೀಯ ನೋಡಬೇಕು.”

“ಅದನ್ನ ಹೋಗಿ ಯಾರಾದ್ರೂ ನೋಡ್ತಾರೇನೋ,” ಎಂದು ನಕ್ಕು, ಗೋದಾಬಾಯಿ ಹೂ ಕಟ್ಟುತ್ತಲೇ ಮೊದಲಿಂದ ಹಿಡಿದಳು. ಅವಳು ನಿಂತಲ್ಲೆಲ್ಲ ಸುಶಮೀಂದ್ರ ಕೊಳಲಿನ ಸಾಲಿನ ಮೇಲೆ ಉಸಿರಿನ ಗುರುತಾಗಿ ಒಂದು ಅಲ್ಪವಿರಾಮ ಹಾಕುತ್ತಾ ಹೋದ.

ತೃಪ್ತಿ ಬಾಗಿಲಿಗೆ ಬಂದು ರಿಸೀವರ್ ಇಟ್ಟಾಯಿತು, ಇನ್ನು ನಿಮ್ಮದೇ ಫೋನು ಎಂದಳು. ಬೆಳಗಿನಿಂದ ಅದಕ್ಕಾಗಿಯೇ ಮನೆ ತುಂಬಾ ಸುತ್ತಿದ್ದ ಗಂಡ ತಲೆ ಎತ್ತಲಿಲ್ಲ.

“ಇರು,” ಎಂದ. “ಅಮ್ಮ ಇನ್ನೂ ಮುಗಿಸಿಲ್ಲ.”