ಭರೋಸಾ ಅದ ಏನು?

"ಕಮಲನಗರ ದಾಟಿದ ಮ್ಯಾಲ ಬಲಕ್ಕಿರೋ ಹೊಂಡಕ್ಕ ಕುರಿ ಇಳಸ್ಬ್ಯಾಡ್ರೆಪೋ. ದಂಡಿ ಕುಸ್ದು ಅದರ ಮ್ಯಾಲ ಒಟ್ಟಿದ್ದ ಯೂರಿಯಾ ಚೀಲ ನೀರಾಗ ಬಿದ್ದಾವ. ಕುಡದ್ರ ಸಾಯ್ತಾವ."

ಕುರಿಗಾರರ ವಾಟ್ಸಾಪ್ ಗುಂಪಿನಲ್ಲಿ ಬಂದ ತಮ್ಮ ವೈಜಿನಾಥನ ದನಿಯನ್ನು ಬಕ್ಕಪ್ಪ ಮತ್ತೆ ಮತ್ತೆ ಕಿವಿಗೆ ಹಚ್ಚಿ ಕೇಳಿದ. ಕೇಳಿದಷ್ಟೂ ಮೈ ಉರಿಯಿತು. ಹೊಂಡ ಎದುರಿಗೇ ಇತ್ತು, ನೀರು ತಿಳಿಯಾಗಿತ್ತು. ಭಾಲ್ಕಿ ಕಡೆಯ ಸಾಯಗಾಂವದಿಂದ ಮೇವು ಹುಡುಕುತ್ತ ಔರಾದಿನತ್ತ ಹೊರಟ ಕುರಿಗಳು ನಿನ್ನೆಯಿಂದ ಹನಿ ನೀರು ಕಂಡಿರಲಿಲ್ಲ. ಈಗ ನೀರು ಕಂಡದ್ದೇ ಒದರುತ್ತ ಒಂದರ ಮೇಲೊಂದು ಬೀಳುತ್ತಿದ್ದವು.

"ಇನ್ನಾ ಸ್ವಲ್ಪ ಮುಂದ ನಡೀರಿ" ಎಂದಳು ಹೆಂಡತಿ ಹೀರಾಬಾಯಿ. "ಮೈದುನ ಎಂಥಾಂವರೆ ಇರ್ಲಿ, ಸಾಯೋ ಮಾತು ಯಾರರೆ ಸುಳ್ಳ ಹೇಳ್ತಾರೇನ್ರಿ?"

"ಅಂವ ಹೇಳ್ತಾನ! ನೀರು ತನಗೊಬ್ಬಗ ಉಳೀಲಿ ಅಂತ ಹೇಳ್ತಾನ. ಹ್ವಾದ ವರ್ಷದ್ದು ಮರ್ತಿ ಏನು?"

ಮರೆಯುವಂಥದ್ದೇ ಅದು? ಆಗಲೂ ಮಳೆ ಕೈಕೊಟ್ಟಿತ್ತು. "ಔರಾದ ಕಡಿ ಹುಲ್ಲುಕಡ್ಡಿ ಇಲ್ಲ, ಯಾರೂ ಬರಬ್ಯಾಡ್ರಿ" ಎಂದು ಇದೇ ವೈಜಿನಾಥ ಕುರಿಗಾರರ ಗುಂಪಿನಲ್ಲಿ ಅಳುದನಿ ತೆಗೆದಿದ್ದ. ನಂಬಿದವರೆಲ್ಲ ಹಿಂದಿರುಗಿದರು. ಆಸಾಮಿ ತಾನು ಮಾತ್ರ ಅಲ್ಲೇ ತೊಗರಿ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಅದರ ಕೂಲಿಗೆ ಹೊಲದವರಿಂದ ಜೋಳ ಹೇರಿಸಿಕೊಂಡು ಬಂದ. ಅಣ್ಣನ ಮರಿಗಳು ಹಸಿದು ಸತ್ತವು.

ಬಕ್ಕಪ್ಪ ಸುಮ್ಮನೆ ಬಿಡುವ ಮಗನೇ? ಅದೇ ಗುಂಪಿನಲ್ಲಿ ವೋಟಿಗೆ ಹಾಕಿದ: "ವೈಜಿನಾಥನ ಮ್ಯಾಲ ಭರೋಸಾ ಅದ ಏನು?" ಎಲ್ಲರೂ 'ಇಲ್ಲ' ಒತ್ತಿದರು. 'ಅದ' ಎಂದವನು ಒಬ್ಬನೇ, ಸ್ವತಃ ವೈಜಿನಾಥ! ಬೀದರದ ಕುರಿ ಸಂತೆಯಲ್ಲಿ, ಮದುವೆ ಮನೆಗಳಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಬಕ್ಕಪ್ಪ ಅದನ್ನು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಇವತ್ತೂ ತಮ್ಮನ ಮಾತಿಗೆ ಒಬ್ಬನೂ ಹೆಬ್ಬೆರಳಿನ ಚಿತ್ರ ಹಾಕಿರಲಿಲ್ಲ.

"ನೋಡಿಲ್ಲಿ, ಒಂದು ನಾಯಿನೂ ಮೂಸಿಲ್ಲ" ಎಂದು ಫೋನನ್ನು ಹೆಂಡತಿಯ ಮುಖಕ್ಕೆ ಹಿಡಿದ. ಅಡ್ಡ ಹಿಡಿದ ಕೋಲು ತೆಗೆದ. ಕುರಿಗಳು ನೀರಿಗೆ ಮುಗಿಬಿದ್ದವು. ಹೀರಾಬಾಯಿ ತನ್ನ ತವರಿನವರು ಕೊಟ್ಟ ಆಡುಗಳ ಕೊರಳಿಗೆ ಜೋತುಬಿದ್ದು ಅವನ್ನಷ್ಟೇ ತಡೆದಳು.

ಬಕ್ಕಪ್ಪ ಬೀಡಿ ಹಚ್ಚಿ ಗೆದ್ದವನಂತೆ ಕೂತ. ಅಷ್ಟರಲ್ಲಿ ದೊಡ್ಡ ಟಗರು ನಡುಗಿತು. ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು, ಕಾಲು ಝಾಡಿಸುತ್ತ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಎತ್ತ ನೋಡಿದರೂ ಬೀಳುವವೇ. ಹೀರಾಬಾಯಿ ಅಳುತ್ತ ಮೈದುನನಿಗೇ ಫೋನು ಹಚ್ಚಿದಳು.

ಹತ್ತಿರದಲ್ಲೇ ಬಿಡಾರ ಹೂಡಿದ್ದ ವೈಜಿನಾಥ ಮೋಟರ್‌ಸೈಕಲ್ ಮೇಲೆ ಬಂದ. ಬಿದ್ದ ಕುರಿಗಳ ಮೇಲೆ ಕಣ್ಣಾಡಿಸಿದ, ಇಳಿಯಲಿಲ್ಲ.

"ಒಂದು ಫೋನರೆ ಮಾಡಬಾರ್ದಿತ್ತೇನಲೇ ಹಲ್ಕಟ್?" ಬಕ್ಕಪ್ಪ ಒದರಿದ.

"ಮಾಡಿದ್ರ ನಂಬ್ತಿದ್ದೇನು? ನೀರು ಚಲೋ ಅದ, ಬಾ ಅಂದಿದ್ರ ನೀ ಈ ಕಡಿ ಕಾಲೇ ಇಡ್ತಿರ್ಲಿಲ್ಲ. ಅದೂ ನನಗ ಗೊತ್ತಿತ್ತು, ಅಣ್ಣಾ." ವೈಜಿನಾಥ ಅವನನ್ನೇ ದಿಟ್ಟಿಸಿದ. "ಅದ್ಕೇ ಖರೇ ಹೇಳ್ದೆ."

ಬಕ್ಕಪ್ಪ ಕೋಲೆತ್ತಿದ. ತಲೆ ಒಡೆದೇಬಿಡುತ್ತಿದ್ದ.

"ಅಲ್ನೋಡ್ರೀ!" ಹೀರಾಬಾಯಿ ಚೀರಿದಳು. ದಿಬ್ಬದ ಆಚೆ ದೂಳೆದ್ದಿತ್ತು. ಅದೇ ದಾರಿಯಲ್ಲಿ ಹಿಂದೆ ಬರುತ್ತಿದ್ದ, ಗುಂಪಿನವನೇ ಆದ ಮಾಳಪ್ಪನ ಹಿಂಡು.

ಬಕ್ಕಪ್ಪ ಕೋಲು ಬಿಸುಟು ಫೋನು ಒತ್ತಿ ಗುಂಪಿಗೇ ಕೂಗಿದ: "ಮಾಳಪ್ಪಾ, ನಿಲ್ಲೋ! ನೀರು ಖರೇನೇ ವಿಷ ಅದ. ನನ್ನ ಕುರಿ ಸತ್ತಾವೋ!"

ತಡವಿಲ್ಲದೆ ಮಾಳಪ್ಪನ ದನಿ ಬಂತು. "ಭೇಷ್! ಅಣ್ಣತಮ್ಮ ಒಂದಾದ್ರೇನು? ನೀರು ನಿಮ್ಮಪ್ಪಂದಲ್ಲ. ಬಂದೆ ತಡಿ." ಅದರ ಕೆಳಗೆ ಹೆಬ್ಬೆರಳುಗಳು ಒಂದೊಂದೇ ಏಳತೊಡಗಿದವು.

ವೈಜಿನಾಥ ಗಟ್ಟಿಯಾಗಿ ನಕ್ಕ.

ಬಕ್ಕಪ್ಪ ಫೋನು ಅಲ್ಲೇ ಒಗೆದ. ಸತ್ತ ಟಗರನ್ನು ಹೆಗಲಿಗೆ ಎಳೆದುಕೊಂಡು, ಮುಗ್ಗರಿಸುತ್ತ, ದೂಳಿನ ಕಡೆಗೆ ದಿಬ್ಬ ಏರತೊಡಗಿದ.