ಐದನೇ ನಂಬರಿನ ಕಾಲು

ಬೆಟ್ಟಮ್ಮನಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಅವಳೆದುರು ಅಂದು ನೋಡಲಿ, ಅವರ ಏಳು ತಲೆಮಾರನ್ನು ಜಾಲಾಡಿಬಿಟ್ಟಾಳು. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ! ಅವಳಿಗೆ ಹೊಟ್ಟೆಕಿಚ್ಚೇ. ಅದೂ ನಿನ್ನೆ ಮೊನ್ನೆಯದಲ್ಲ, ಹದಿನಾಲ್ಕು ವರ್ಷದ್ದು. ಮೈದುನನ ಹೆಂಡತಿ ನಾಗಶ್ರೀ ಕೆರಗೋಡಿನ ಆ ಮನೆಯ ಹೊಸಿಲು ದಾಟಿ ಒಳಗೆ ಬಂದ ದಿನವೇ ಹತ್ತಿಕೊಂಡದ್ದು.

ಹೊಸ ಸೊಸೆ ಬರುವಾಗ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರಲ್ಲ, ಅದನ್ನು ಬಲಗಾಲಲ್ಲಿ ಒದ್ದು ಒಳಗೆ ಬರಬೇಕು. ಹಿರಿಸೊಸೆಯಾಗಿ ಬೆಟ್ಟಮ್ಮ ಒದ್ದಾಗ ಸೇರು ಉರುಳಿಕೊಂಡು ಹೋಗಿ ನಡುಮನೆಯ ಕಂಬಕ್ಕೆ ಬಡಿದಿತ್ತು. "ಏನ್ ಕಾಲವ್ವಾ ಇದು! ನಾಟಿ ಗದ್ದೆ ತುಳ್ದು ತುಳ್ದು ಮೊರದಗ್ಲ ಆಗದೆ," ಎಂದು ಅತ್ತೆ ದೇವಿರಮ್ಮ ನೆಂಟರೆದುರೇ ನಕ್ಕಿದ್ದಳು. ಅದೇ ಅತ್ತೆ ನಾಗಶ್ರೀ ಬಂದ ದಿನ ಬಗ್ಗಿ ಅವಳ ಪಾದ ನೋಡಿ, "ಐದ್ನೇ ನಂಬರ್ ಕಾಲು ಕಣ್ರೇ! ಕಾಲು ಅಂದ್ರೆ ಇಂಗಿರ್ಬೇಕು," ಎಂದು ಬೀದಿಗೆಲ್ಲ ಕೇಳುವಂತೆ ಹೊಗಳಿದಳು. ಅಲ್ಲಿಂದ ಇಲ್ಲಿಯವರೆಗೆ ಹಬ್ಬಕ್ಕೆ ಚಪ್ಪಲಿ ತಂದಾಗ, ಕಾಲುಂಗುರ ಬದಲಾಯಿಸುವಾಗ, ಒಂದು ಸಲವೂ ಆ ಐದನೇ ನಂಬರಿನ ಮಾತು ತಪ್ಪಲಿಲ್ಲ. ಕೇಳಿ ಕೇಳಿ ಬೆಟ್ಟಮ್ಮನ ಕಿವಿ ತೂತು ಬಿದ್ದಿತ್ತು.

ಈಗ ಇಬ್ಬರೂ ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿಗೆ ಚೆಕ್ಕಿಂಗ್ ಕೆಲಸಕ್ಕೆ ಹೋಗುತ್ತಾರೆ. ಹೊಲಿದು ಬಂದ ಶರ್ಟನ್ನು ಟೇಬಲ್ಲಿನ ಮೇಲೆ ಹರಡಿ ಕಲೆ, ತೂತು, ಬಿಟ್ಟ ಹೊಲಿಗೆ ಹುಡುಕುವ ಕೆಲಸ. ಎಂಟು ಗಂಟೆ ನಿಂತೇ ಮಾಡಬೇಕು. ಬೆಟ್ಟಮ್ಮ ಸೇರಿ ಹನ್ನೆರಡು ವರ್ಷ, ನಾಗಶ್ರೀ ಸೇರಿ ಆರು. ಇದ್ದ ಚೆಕ್ಕಿಂಗ್ ಲೀಡರು ಕೆಲಸ ಬಿಟ್ಟಾಗ ಆ ಜಾಗ ಇವರಿಬ್ಬರಲ್ಲಿ ಒಬ್ಬಳಿಗೆ ಎಂದು ಸೂಪರ್‌ವೈಸರ್ ಶಿವರಾಮು ಹೇಳಿದ.

"ಬರೋ ಶನಿವಾರ ಮಾಲು ತಗೊಳೋರು ಬತ್ತಾವ್ರೆ. ಅವತ್ತು ಇಬ್ರೂ ಎರಡೆರಡು ಟೇಬಲ್ ನೋಡ್ಕಳಿ. ಸಂಜೆಗಂಟ ಕೂತ್ಕಳ್ದೆ ಯಾರು ಓಡಾಡ್ತೀರೋ ಅವ್ರಿಗೆ ಕಾರ್ಡು."

ಲೀಡರಿನ ಕುತ್ತಿಗೆಯಲ್ಲಿ ಕೆಂಪು ದಾರದ ಕಾರ್ಡು ತೂಗುತ್ತದೆ. ಆ ಕಾರ್ಡು ಮೂರು ವರ್ಷದಿಂದ ಬೆಟ್ಟಮ್ಮನ ಕನಸಿನಲ್ಲಿ ಬರುತ್ತಿತ್ತು.

ಕೆಲಸಕ್ಕೆ ಹೆದರುವವಳಲ್ಲ ಅವಳು. ಹೆದರಿಕೆಯೆಲ್ಲ ಹಿಮ್ಮಡಿಯದ್ದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಡೆದ ಹಾಗೆ ನೋವು. ಚಪ್ಪಟೆ ಚಪ್ಪಲಿ ಬಿಟ್ಟು ಅಂಗಾಲಿಗೆ ಆಸರೆ ಕೊಡುವ ಶೂ ಹಾಕು ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಸೀರೆಯ ಕೆಳಗೆ ಶೂ ಹಾಕಿದರೆ ಜನ ಏನಂದಾರು ಎಂದು ಅವಳು ನಾಚಿಕೊಂಡು ಕೂತಿದ್ದಾಗಲೇ ನಾಗಶ್ರೀ ಮಂಡ್ಯಕ್ಕೆ ಹೋಗಿ ಬೂದು ಬಣ್ಣದ, ಗುಲಾಬಿ ಗೀಟಿನ ಶೂ ತಂದು ಹಾಕಿಕೊಂಡುಬಿಟ್ಟಳು! ಹಾಕಿಕೊಂಡು ಟೇಬಲ್ಲಿಂದ ಟೇಬಲ್ಲಿಗೆ ನಗುನಗುತ್ತಾ ಓಡಾಡಿದ್ದೇ ಓಡಾಡಿದ್ದು. "ಕಾಲು ಅದ್ಯೋ ಇಲ್ವೋ ಅನ್ನೋದೇ ಗೊತ್ತಾಗಕ್ಕಿಲ್ಲ ಕಣಕ್ಕ," ಅಂದಳು. ಬೆಟ್ಟಮ್ಮನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯಿತು.

ಭಾನುವಾರ ತಿಂಡಿ ಕೂಡ ತಿನ್ನದೆ ಮಂಡ್ಯದ ಬಸ್ಸು ಹತ್ತಿದಳು. ಪೀರ್ ಪಾಷಾನ ಚಪ್ಪಲಿ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿದ್ದಳು.

"ನಮ್ಮ ನಾಗಶ್ರೀ ತಗೊಂಡೋದ್ಲಲ್ಲ, ಅದೇ ಬಣ್ಣ, ಅದೇ ಗೀಟು, ಅದೇ ಐದ್ನೇ ನಂಬರು ಕೊಡಿ."

ಪಾಷಾ ಅವಳ ಕಾಲು ನೋಡಿದ, ಆಮೇಲೆ ಮುಖ ನೋಡಿದ. "ಸಂಜೆ ಬನ್ನಿ ಅಮ್ಮ. ಬೆಳಿಗ್ಗೆ ಇರೋ ಕಾಲೇ ಬೇರೆ, ದಿನವೆಲ್ಲ ನಿಂತು ಊದಿಕೊಂಡ ಕಾಲೇ ಬೇರೆ. ಕಾಗದದ ಮೇಲೆ ನಿಲ್ಲಿಸಿ, ಸುತ್ತ ಗೀಟು ಹಾಕಿ ಅಳತೆ ತಗೋತೀನಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು."

"ಅಳತೆಗಿಳತೆ ಏನೂ ಬ್ಯಾಡ. ಐದು ಅಂದ್ರೆ ಐದು."

"ಆ ಅಮ್ಮನೂ ಹಿಂಗೇ ಅಂದ್ರು," ಎಂದು ಗೊಣಗುತ್ತಾ ಪಾಷಾ ಡಬ್ಬ ಇಳಿಸಿದ. "ಬಿಗಿಯಾದ್ರೆ ವಾಪಸ್ ತನ್ನಿ. ಮೊದಲು ಮನೇಲಿ ದಿನಾ ಒಂದೊಂದು ಗಂಟೆ ಹಾಕ್ಕೊಳ್ಳಿ. ಒಂದೇ ಸಲಕ್ಕೆ ಕೆಲಸಕ್ಕೆ ಹಾಕ್ಕೊಂಡು ಹೋಗಬೇಡಿ."

ಈ ಮಾತನ್ನು ಬೆಟ್ಟಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ನನಗೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಸೋಮವಾರವೇ ಹಾಕಿಕೊಂಡು ಹೋದಳು. ಹತ್ತು ಗಂಟೆಗೆ ಕಿರುಬೆರಳು ಅಳತೊಡಗಿತು. ಮಧ್ಯಾಹ್ನಕ್ಕೆ ಹಿಮ್ಮಡಿಯ ಹಿಂದೆ ಚರ್ಮ ಸುಲಿಯಿತು. ಊಟದ ಹೊತ್ತಿಗೆ ಅವಳು ಗೋಡೆ ಹಿಡಿದುಕೊಂಡು ನಡೆಯುವುದನ್ನು ನಾಗಶ್ರೀ ನೋಡಿದಳು.

"ಶೂ ಕಚ್ತಾ ಅದಾ ಅಕ್ಕ?"

"ನಿಂಗೆ ಕಚ್ದೆ ಇರೋದು ನಂಗ್ಯಾಕಮ್ಮಿ ಕಚ್ಚುತ್ತೆ?"

"ಅಲ್ಲ, ಮುಂದಿನ ಎರಡು ತೂತು ಬುಟ್ಟು ದಾರ ಕಟ್ಟಿದ್ರೆ ಬೆರಳಿಗೆ ಸಡ್ಲಾಯ್ತದೆ. ಕೊನೇ ತೂತಲ್ಲಿ ಒಂದು ಸುತ್ತು ಹಾಕಿ ಬಿಗಿದ್ರೆ ಹಿಮ್ಮಡಿ ಉಜ್ಜಕ್ಕಿಲ್ಲ."

"ನಿನ್ನ ಬುದ್ಧಿ ನಿನ್ ತಾವೇ ಮಡಿಕ್ಕೊ ಹೋಗು," ಅಂದಳು ಬೆಟ್ಟಮ್ಮ. ಶೂ ಹಾಕಿಕೊಳ್ಳುವುದನ್ನೂ ಇವಳಿಂದ ಕಲಿಯುವ ಗತಿ ಬಂತೇ? ಥೂ!

ಅವಳಿಗೆ ಗೊತ್ತಿದ್ದ ಮದ್ದು ಬೇರೆಯೇ ಇತ್ತು. ಅವಳಪ್ಪ ಹೊಸ ಎಕ್ಕಡ ತಂದರೆ ಹರಳೆಣ್ಣೆ ಬಿಟ್ಟು ಮೂರು ದಿನ ಅಟ್ಟದ ಮೇಲಿಡುತ್ತಿದ್ದ. ಕಲ್ಲಿನಂಥ ಚರ್ಮವೂ ಹೂವಾಗುತ್ತಿತ್ತು. ಬುಧವಾರ ಸಂಜೆ ಅವಳೂ ಒಂದು ಬಟ್ಟಲು ಹರಳೆಣ್ಣೆಯನ್ನು ಎರಡೂ ಶೂಗೆ ಸುರಿದಳು. ಆದರೆ ಅದು ಅಪ್ಪನ ಎಕ್ಕಡವೇ? ಬಟ್ಟೆ, ಸ್ಪಂಜು, ಅಂಟು. ಎಣ್ಣೆ ಕುಡಿದು ಸ್ಪಂಜು ಉಬ್ಬಿತು, ಒಳಗೆ ಕಾಲು ಜಾರಿ ಜಾರಿ ಬೆರಳುಗಳು ಮುಂದಕ್ಕೆ ಹೋಗಿ ಗುದ್ದಿಕೊಂಡವು, ಹೆಜ್ಜೆಗೊಂದು ಪಿಚಕ್ ಸದ್ದು ಬೇರೆ. ಶುಕ್ರವಾರ ಸಂಜೆ ಕಂಪನಿ ಬಸ್ಸಿನಿಂದ ಇಳಿದಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮುಂದೆ ನಾಗಶ್ರೀ ಯಾರ ಜೊತೆಗೋ ನಗುತ್ತಾ ಹೋಗುತ್ತಿದ್ದಳು. ಅದೇ ಶೂ, ಅದೇ ನಂಬರು. ಇವಳ ಕಾಲಿಗೆ ಮಾತ್ರ ಯಾಕೆ ಒಗ್ಗಬೇಕು? ದೇವರೂ ಪಕ್ಷಪಾತ ಮಾಡುತ್ತಾನೆ ಎಂದು ಬೆಟ್ಟಮ್ಮನಿಗೆ ಖಾತ್ರಿಯಾಯಿತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ನೀರು ಹಿಡಿಯಲೆಂದು ಬಾಗಿಲು ತೆಗೆದಳು. ಜಗುಲಿಯ ಒಂದು ಮೂಲೆಯಲ್ಲಿ ಅತ್ತೆ ಕಂಬಳಿ ಮುಸುಕು ಹಾಕಿ ಮಲಗಿದ್ದಳು. ಇನ್ನೊಂದು ಮೂಲೆಯಲ್ಲಿ ಎರಡು ಜೊತೆ ಶೂ. ಬೆಟ್ಟಮ್ಮ ಒಂದು ಗಳಿಗೆ ನಿಂತಳು. ಆಮೇಲೆ ಕಾಲಿನಿಂದಲೇ ತನ್ನ ಜೊತೆಯನ್ನು ಅತ್ತ ತಳ್ಳಿ, ನಾಗಶ್ರೀಯ ಜೊತೆಯನ್ನು ಇತ್ತ ಎಳೆದುಕೊಂಡಳು. ಬಿಂದಿಗೆ ಎತ್ತಿಕೊಂಡು ನೀರಿಗೆ ನಡೆದಳು.

ಏಳು ಗಂಟೆಗೆ ಇಬ್ಬರೂ ಹೊರಟರು. ನಾಗಶ್ರೀ ಕಾಲು ತೂರಿಸಿದವಳು ಅರ್ಧದಲ್ಲೇ ನಿಂತಳು. ನಾಗಶ್ರೀ ಒಮ್ಮೆ ಅತ್ತೆಯ ಕಡೆ ನೋಡಿದಳು, ಬಗ್ಗಿ ದಾರ ಬಿಗಿದಳು, ಬಸ್ಸಿನ ಕಡೆ ನಡೆದಳು.

ಬೆಟ್ಟಮ್ಮನ ಕಾಲಿಗೋ ಸ್ವರ್ಗ! ಒಳಗೆ ಸಡಿಲ, ಹಿಮ್ಮಡಿಯ ಹಿಂದೆ ಮೆತ್ತಗೆ. ಇದಕ್ಕೇ ಇವಳು ಹಾಗೆ ಮೆರೆಯುತ್ತಿದ್ದದ್ದು ಎಂದುಕೊಂಡಳು. ಆದರೆ ಆ ಸ್ವರ್ಗ ಹತ್ತು ಗಂಟೆಯ ಟೀವರೆಗೆ ಮಾತ್ರ. ಆಮೇಲೆ ಬರಿನೆಲದ ಮೇಲೆ ನಿಂತ ಹಾಗೆ ಹಿಮ್ಮಡಿ ಬಡಿದುಕೊಳ್ಳತೊಡಗಿತು. ಊಟದ ಹೊತ್ತಿಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಶೂ ಬಿಚ್ಚಿ ಒಳಗೆ ಕೈ ಹಾಕಿದಳು.

ಒಳಗಿನ ಅಟ್ಟೆಯೇ ಇರಲಿಲ್ಲ. ಅಂಗಾಲಿಗೆ ಆಸರೆ ಕೊಡಬೇಕಾದ ಆ ಉಬ್ಬಿನ ಅಟ್ಟೆಯನ್ನು ಕಿತ್ತುಹಾಕಿ, ಜಾಗ ಮಾಡಿಕೊಂಡು, ಅಲ್ಲಿ ಹಳೆ ಸೀರೆಯ ಒಂದು ಚಿಂದಿ ಮಡಿಚಿ ಹಾಸಿತ್ತು. ಹಿಮ್ಮಡಿಯ ಹಿಂದೆ ಮೆತ್ತಗಿದ್ದದ್ದು ಹತ್ತಿ. ಹತ್ತಿಯ ಮೇಲೆ ಒಣಗಿದ ರಕ್ತ. ಕಿರುಬೆರಳಿನ ಕಡೆ ಒಳಬಟ್ಟೆಯನ್ನು ಬ್ಲೇಡಿನಿಂದ ಕೊಯ್ದಿತ್ತು.

ಬೆಟ್ಟಮ್ಮ ಆ ಹತ್ತಿಯನ್ನು ಬೆರಳಲ್ಲಿ ಹಿಡಿದುಕೊಂಡು ಕೂತಳು. ಈ ಕಾಲಿಟ್ಟುಕೊಂಡು ಇವಳು ನಗುತ್ತಿದ್ದಳೇ? ಮೊದಲು ಅಯ್ಯೋ ಅನ್ನಿಸಿತು. ಮರುಗಳಿಗೆಯೇ, ನನ್ನ ಕಣ್ಣೆದುರು ಎಂಥ ನಾಟಕ ಆಡಿದಳಲ್ಲ ಎಂದು ಉರಿಯಿತು. ಎರಡೂ ಒಟ್ಟಿಗೇ ಇತ್ತು, ಏನು ಮಾಡುವುದು! ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಶೂ ಹಾಕಿಕೊಂಡು, ಹಲ್ಲು ಕಚ್ಚಿ ಹೋಗಿ ನಿಂತಳು.

ಮೂರು ಗಂಟೆಗೆ ನಾಗಶ್ರೀ ಕುಂಟತೊಡಗಿದಳು. ಮೂರೂವರೆಗೆ ಮಾಲು ನೋಡುವವರ ಎದುರಿಗೇ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ಬೆಟ್ಟಮ್ಮ ಕೂರಲಿಲ್ಲ. ಸಂಜೆ ಶಿವರಾಮು ಎಲ್ಲರನ್ನೂ ಕರೆದು ಕೆಂಪು ದಾರದ ಕಾರ್ಡನ್ನು ಬೆಟ್ಟಮ್ಮನ ಕುತ್ತಿಗೆಗೆ ಹಾಕಿದ.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾಗಶ್ರೀ. ಅದೇ ನಗು. ಆ ನಗುವಿನ ಕೆಳಗೆ ಏನಿದೆ ಎಂದು ಬೆಟ್ಟಮ್ಮನಿಗೆ ಈಗ ಗೊತ್ತು. ತನ್ನ ಎಣ್ಣೆ ಕುಡಿದ ಶೂನೊಳಗೆ ಬೆರಳು ಜಜ್ಜಿಸಿಕೊಂಡು, ಗೊತ್ತಿದ್ದೂ ಬಾಯಿಬಿಡದೆ, ಈಗ ಚಪ್ಪಾಳೆ ಬೇರೆ! ಸೋತರೂ ಇವಳದೇ ಮೇಲುಗೈ. ಗೆದ್ದ ತಾನು ಕಳ್ಳಿ, ಸೋತ ಇವಳು ದೇವತೆ. ಅದನ್ನು ಮಾತ್ರ ಬೆಟ್ಟಮ್ಮನಿಂದ ತಡೆದುಕೊಳ್ಳಲು ಆಗಲಿಲ್ಲ.

"ಸಾರ್, ಅವ್ಳು ಹಾಕ್ಕೊಂಡಿರೋದು ನನ್ನ ಶೂ," ಅಂದುಬಿಟ್ಟಳು. "ಬೆಳಿಗ್ಗೆ ನಾನೇ ಬದಲಾಯ್ಸ್ದೆ."

ಶಿವರಾಮು ಇಬ್ಬರ ಕಾಲನ್ನೂ ನೋಡಿದ. "ಏನಮ್ಮ, ನಿನ್ನ ನಂಬ್ಕೊಂಡು ನಾಕು ಟೇಬಲ್ ಬುಡಾನ ಅಂತಿದ್ನಲ್ಲ," ಎಂದು ಕಾರ್ಡು ತೆಗೆದು ನಾಗಶ್ರೀಯ ಕೈಗೆ ಕೊಟ್ಟ. "ಸೋಮವಾರದಿಂದ ನೀನು ನೋಡ್ಕೊ."

ಬಸ್ಸು ಮಂಡ್ಯದ ಹತ್ತಿರ ಬಂತು. ಕೊನೆಗೆ ಬೆಟ್ಟಮ್ಮನೇ ಕೇಳಿದಳು.

"ಬೆಳಿಗ್ಗೆಯೇ ಗೊತ್ತಾಯ್ತಲ್ಲ. ಯಾಕಮ್ಮಿ ಹೇಳ್ಲಿಲ್ಲ?"

"ಹೇಳಿದ್ರೆ ಅಲ್ಲೇ ಬಿಚ್ಚಿ ತೋರಿಸ್ಬೇಕಾಗಿತ್ತು. ಆ ಚಿಂದಿ, ಹತ್ತಿ ಎಲ್ಲಾನೂ ಅತ್ತೆ ನೋಡೋರು," ಅಂದಳು ನಾಗಶ್ರೀ. ಈಗ ನಗು ಇರಲಿಲ್ಲ. "ಮೊದಲ್ನೇ ಮಗು ಆದಾಗ್ಲೇ ನನ್ನ ಕಾಲು ದೊಡ್ಡದಾಯ್ತು ಕಣಕ್ಕ. ಐದು ಐದು ಅಂತ ಊರಿಗೆಲ್ಲ ಹೇಳ್ಕೊಂಡವ್ರೆ, ಆರು ಅಂತ ಎಂಗೆ ಹೇಳ್ಲಿ? ಆವತ್ತಿಂದ ಯಾವ ಚಪ್ಲೀನೂ ನನ್ನ ಕಾಲಿಗೆ ಆಗಿಲ್ಲ."

ಬೆಟ್ಟಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನಾಲ್ಕು ವರ್ಷ ತಾನು ಹೊಟ್ಟೆ ಉರಿಸಿಕೊಂಡದ್ದು ಇಲ್ಲದ ಕಾಲಿಗೆ!

"ಏಳು ಮೇಲೆ," ಅಂದಳು. "ಇಲ್ಲೇ ಇಳ್ಯಾವ."

ಪಾಷಾ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಪಾದದ ಸುತ್ತ ಗೀಟು ಎಳೆದ. ಊದಿದ ನಾಲ್ಕು ಪಾದಗಳು. ಕಾಗದಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ. "ಇಬ್ಬರದೂ ಆರು. ಇಬ್ಬರಿಗೂ ಅಗಲದ್ದೇ ಬೇಕು. ಎಡಗಾಲು ಸ್ವಲ್ಪ ದೊಡ್ಡದು, ದೊಡ್ಡ ಕಾಲಿಗೆ ಸರಿಯಾಗೋದನ್ನೇ ತಗೋಬೇಕು." ನಾಗಶ್ರೀಯ ಹೆಬ್ಬೆರಳು ಒಂದು ಗೀಟು ಮುಂದೆ ಇತ್ತು. ಬೆಟ್ಟಮ್ಮ ಅದನ್ನು ಎರಡು ಸಲ ನೋಡಿದಳು. ಸುಳ್ಳು ಯಾಕೆ, ಒಳಗೊಳಗೇ ಖುಷಿಯಾಯಿತು.

ಮನೆಗೆ ಬಂದಾಗ ದೇವಿರಮ್ಮ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಮತ್ತೆ ಶೂ ತಂದ್ರಾ? ಯಾವ ನಂಬರು?"

ಈ ಮಾತಿಗಾಗಿಯೇ ಬೆಟ್ಟಮ್ಮ ಇಷ್ಟು ವರ್ಷ ಕಾದಿದ್ದದ್ದು. ಬಾಯಿ ತೆರೆದಳು. ಅಷ್ಟರಲ್ಲಿ ನಾಗಶ್ರೀ, "ಆರು ಕಣತ್ತೆ. ಇಬ್ಬರದೂ ಆರು," ಅಂದುಬಿಟ್ಟಳು. ಅಯ್ಯೋ, ಅದನ್ನೂ ಇವಳೇ ಹೇಳಿಬಿಟ್ಟಳಲ್ಲ!

ಅತ್ತೆ ಎಲೆ ಮಡಿಚಿ ದವಡೆಗೆ ಇಟ್ಟುಕೊಂಡಳು. "ಒಳ್ಳೇದೇ ಆಯ್ತು ಬುಡು. ಇನ್ನು ಒತ್ತಾರೆ ಎದ್ದು ಯಾರಾರ ಬದಲಾಯ್ಸ್ಕೊಂಡ್ರೂ ಕಾಲಿಗೆ ಆಯ್ತದೆ," ಎಂದು ಬೆಟ್ಟಮ್ಮನ ಮುಖವನ್ನೇ ನೋಡಿದಳು. ಕಂಬಳಿಯೊಳಗೆ ನಿದ್ದೆ ಮಾಡುತ್ತಿದ್ದಳು ಎಂದುಕೊಂಡದ್ದೇ ತಪ್ಪು.

ಬೆಟ್ಟಮ್ಮ ತಲೆ ತಗ್ಗಿಸಿ ಮೆಟ್ಟಿಲ ಮೇಲೆ ಕೂತಳು. ನಾಗಶ್ರೀ ಹೊಸ ಡಬ್ಬ ಬಿಚ್ಚಿ, ಅವಳ ಕಾಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸುಲಿದ ಹಿಮ್ಮಡಿಗೆ ಪ್ಲಾಸ್ಟರು ಅಂಟಿಸಿ ಶೂ ತೊಡಿಸಿದಳು. ಮುಂದಿನ ಎರಡು ತೂತು ಬಿಟ್ಟು ದಾರ ಏರಿಸಿದಳು, ಕೊನೆಯ ತೂತಿನಲ್ಲಿ ಒಂದು ಸುತ್ತು ಹಾಕಿ ಬಿಗಿದಳು. ಬಗ್ಗಿದಾಗ ಅವಳ ಕುತ್ತಿಗೆಯಿಂದ ಕೆಂಪು ದಾರದ ಕಾರ್ಡು ಜಾರಿ ಬೆಟ್ಟಮ್ಮನ ಮೊಣಕಾಲಿಗೆ ತಾಗಿತು.

"ಇವತ್ತು ಒಂದೇ ಗಂಟೆ ಹಾಕ್ಕೊ ಅಕ್ಕ, ಸಾಕು. ಎದ್ದು ನೋಡು."

ಬೆಟ್ಟಮ್ಮ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದಳು. ಹೊಟ್ಟೆ ಉರಿಯುತ್ತಲೇ ಇತ್ತು. ಹಿಮ್ಮಡಿ ಮಾತ್ರ ನೋಯಲಿಲ್ಲ.